ಚೆನ್ನಾಗಿರುವ ದಿನಗಳಿಗೂ ಔಷಧ ಬೇಕು

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಹೆಸರು ಹೇಳಿಕೊಂಡು ಬರುವ ಕಾಯಿಲೆಯಲ್ಲ. ಮಂಡ್ಯ ತಾಲ್ಲೂಕಿನ ದುದ್ದದಂಥ ಊರಿನಲ್ಲಿ ಅದು ಹೀಗೆ ಶುರುವಾಗಬಹುದು: ಇಪ್ಪತ್ತೈದು ಮೂವತ್ತರ ಹರೆಯದ ಹೆಣ್ಣುಮಗಳಿಗೆ ಒಂದು ಕಣ್ಣು ಮಂಜಾಗುತ್ತದೆ. ಕಣ್ಣು ಹೊರಳಿಸಿದರೆ ಒಳಗೆ ನೋವು. ಕೆಂಪು ಬಣ್ಣ ಮಾಸಿದಂತೆ ಕಾಣುತ್ತದೆ. ಮಂಡ್ಯಕ್ಕೆ ಹೋಗಿ ಕಣ್ಣು ತೋರಿಸುತ್ತಾರೆ. ಕೆಲವು ವಾರಗಳಲ್ಲಿ ದೃಷ್ಟಿ ಮರಳುತ್ತದೆ, ಮನೆಯವರು ಮರೆತುಬಿಡುತ್ತಾರೆ. ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಸೊಂಟದಿಂದ ಕೆಳಗೆ ಜೋಮು ಹಿಡಿಯುತ್ತದೆ, ಗದ್ದೆ ಬದುವಿನ ಮೇಲೆ ಹೆಜ್ಜೆ ತಪ್ಪುತ್ತದೆ. ಈ ಸಲ ನಿಶ್ಶಕ್ತಿ ಎಂದು ಒಂದು ಬಾಟಲಿ ಗ್ಲೂಕೋಸ್ ಏರಿಸಿ ಕಳಿಸುತ್ತಾರೆ. ಅದೂ ವಾಸಿಯಾಗುತ್ತದೆ. ಮೊದಲ ತೊಂದರೆ ಕಣ್ಣಿನ ಡಾಕ್ಟರ ಚೀಟಿಯಲ್ಲಿದೆ, ಎರಡನೆಯದು ಊರ ಕ್ಲಿನಿಕ್ಕಿನ ಚೀಟಿಯಲ್ಲಿದೆ. ಎರಡರ ಬೇರೂ ಒಂದೇ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ತಾನಾಗಿ ವಾಸಿಯಾಗುವುದೇ ಈ ಕಾಯಿಲೆಯ ದೊಡ್ಡ ಮೋಸ. ಕಾಲು ಸರಿಹೋದ ಹೊತ್ತಿನಲ್ಲಿ ಯಾವ ಪಥ್ಯ ಮಾಡುತ್ತಿದ್ದೆವೋ, ಯಾವ ಕಷಾಯ ಕುಡಿಯುತ್ತಿದ್ದೆವೋ, ಯಾವ ಹರಕೆ ಹೊತ್ತಿದ್ದೆವೋ ಅದಕ್ಕೇ ಗೆಲುವಿನ ಪಾಲು ಸಂದುಬಿಡುತ್ತದೆ. ಆಮೇಲೆ ನಿಜವಾದ ಔಷಧ ಬೇಡವೆನಿಸುತ್ತದೆ. ಔಷಧ ಕೆಲಸ ಮಾಡುವುದೋ ಕಾಯಿಲೆ ಕಾಣಿಸದಿರುವ ದಿನಗಳಲ್ಲೇ. ಊಟ ಮುಖ್ಯವೇ, ಆದರೆ ಅದು ಔಷಧದ ಜಾಗಕ್ಕೆ ಬರುವುದಿಲ್ಲ, ಔಷಧದ ಜತೆಗೆ ಬರುತ್ತದೆ. ಈ ಎರಡರ ನಂಟು ಅರ್ಥವಾದರೆ ಎಂಎಸ್ ಇದ್ದೂ ದಶಕಗಟ್ಟಲೆ ನಡೆದಾಡಿಕೊಂಡು, ದುಡಿದುಕೊಂಡು, ಮಕ್ಕಳನ್ನು ಬೆಳೆಸಿಕೊಂಡು ಇರಲು ಸಾಧ್ಯ.

ನರದೊಳಗೆ ನಡೆಯುವುದೇನು

ಮಂಡ್ಯ ಸೀಮೆಯವರಿಗೆ ಇದನ್ನು ನಾಲೆಯ ಲೆಕ್ಕದಲ್ಲಿ ಹೇಳಬಹುದು. ಕನ್ನಂಬಾಡಿ ಅಣೆಕಟ್ಟೆಯಲ್ಲಿ ನೀರು ಎಷ್ಟೇ ಇರಲಿ, ನಾಲೆಯ ಲೈನಿಂಗ್ ಅಲ್ಲಲ್ಲಿ ಕಿತ್ತುಹೋದರೆ ಕೊನೆಭಾಗದ ಗದ್ದೆಗೆ ನೀರು ಮುಟ್ಟುವುದಿಲ್ಲ. ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಸಂದೇಶ ಸೋರದೆ ವೇಗವಾಗಿ ಹರಿಯಲು ಅದು ಬೇಕು. ಎಂಎಸ್‌ನಲ್ಲಿ ರೋಗಗಳ ವಿರುದ್ಧ ಹೋರಾಡಬೇಕಾದ ನಮ್ಮದೇ ರಕ್ಷಣಾ ಕಣಗಳು ಆ ಹೊದಿಕೆಯ ಮೇಲೆ ಬೀಳುತ್ತವೆ. ಕಣ್ಣಿನ ನರದಲ್ಲಿ ಹೊದಿಕೆ ಹೋದರೆ ದೃಷ್ಟಿ ಮಂಜು, ಬೆನ್ನುಹುರಿಯಲ್ಲಿ ಹೋದರೆ ಕಾಲು ಜೋಮು, ಕಿರುಮೆದುಳಿನಲ್ಲಿ ಹೋದರೆ ತೂರಾಟ. ಊತ ಇಳಿದ ಮೇಲೆ ಹೊದಿಕೆ ಒಂದಷ್ಟು ದುರಸ್ತಿಯಾಗುತ್ತದೆ, ಮೆದುಳು ಬೇರೆ ದಾರಿಗಳನ್ನೂ ಹುಡುಕಿಕೊಳ್ಳುತ್ತದೆ. ಅದನ್ನೇ ನಾವು ವಾಸಿಯಾಯಿತು ಎನ್ನುತ್ತೇವೆ.

ಆದರೆ ಒಳಗಿನ ಚಿತ್ರ ಬೇರೆ. ರೋಗಿಗೆ ಗೊತ್ತಾಗುವ ಒಂದು ಮರುಕಳಿಕೆಗೆ ಪ್ರತಿಯಾಗಿ ಎಂಆರ್‌ಐನಲ್ಲಿ ಐದರಿಂದ ಹತ್ತು ಹೊಸ ಕಲೆಗಳು ಸದ್ದಿಲ್ಲದೆ ಮೂಡಿರುತ್ತವೆ. ಹೊದಿಕೆಯಷ್ಟೇ ಅಲ್ಲ, ಒಳಗಿನ ನರತಂತುವೇ ತುಂಡಾಗುತ್ತದೆ ಎಂದು ಅಮೆರಿಕದ ಬ್ರೂಸ್ ಟ್ರ್ಯಾಪ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ತುಂಡಾದ ತಂತು ಮತ್ತೆ ಕೂಡುವುದಿಲ್ಲ. ಮೊದಲ ವರ್ಷಗಳಲ್ಲಿ ಮೆದುಳಿನ ಮಿಗುತಾಯದಿಂದ ಹೇಗೋ ನಡೆಯುತ್ತದೆ, ಅದು ಮುಗಿದ ಮೇಲೆ ಅಂಗವೈಕಲ್ಯ ನಿಧಾನವಾಗಿ ಏರತೊಡಗುತ್ತದೆ.

ಪ್ಯಾರಿಸಿನ ಜಾನ್ ಮಾರ್ಟಿನ್ ಶಾರ್ಕೊ ಈ ಕಾಯಿಲೆಯನ್ನು 1868ರಲ್ಲೇ ಸ್ಪಷ್ಟವಾಗಿ ವಿವರಿಸಿದ್ದರು. ಕಾರಣದ ಸುಳಿವು ಗಟ್ಟಿಯಾದದ್ದು ತೀರಾ ಈಚೆಗೆ. ಅಮೆರಿಕದ ಒಂದು ಕೋಟಿ ಸೈನಿಕರ ರಕ್ತದ ದಾಖಲೆ ಪರಿಶೀಲಿಸಿದ ಹಾರ್ವರ್ಡ್ ತಂಡ, ಎಪ್‌ಸ್ಟೀನ್ ಬಾರ್ ಎಂಬ ವೈರಸ್ ಸೋಂಕಿನ ನಂತರ ಎಂಎಸ್ ಬರುವ ಸಾಧ್ಯತೆ 32 ಪಟ್ಟು ಹೆಚ್ಚುತ್ತದೆ ಎಂದು 2022ರಲ್ಲಿ ಪ್ರಕಟಿಸಿತು. ಆ ವೈರಸ್ ಬಹುತೇಕ ಎಲ್ಲರ ಮೈಯಲ್ಲೂ ಇದೆ, ಕಾಯಿಲೆ ಬರುವುದು ಕೆಲವರಿಗೆ ಮಾತ್ರ. ವಂಶವಾಹಿ, ವಿಟಮಿನ್ ಡಿ ಕೊರತೆ, ಧೂಮಪಾನ, ಹದಿಹರೆಯದ ಬೊಜ್ಜು ಇವೆಲ್ಲ ಸೇರಿದಾಗ ತಕ್ಕಡಿ ವಾಲುತ್ತದೆ. ಯಾರ ಶಾಪವೂ ಇಲ್ಲ, ಯಾರ ಮಾಟವೂ ಇಲ್ಲ. ಅಂಟುರೋಗವೂ ಅಲ್ಲ.

ನಮ್ಮಲ್ಲಿ ಇಲ್ಲ ಎಂಬ ನಂಬಿಕೆ

ಎಂಎಸ್ ಚಳಿ ದೇಶದವರ ಕಾಯಿಲೆ ಎಂಬ ಮಾತು ವೈದ್ಯಕೀಯ ವಲಯದಲ್ಲೂ ಬಹಳ ಕಾಲ ಇತ್ತು. ಜಗತ್ತಿನಲ್ಲಿ ಈಗ ಸುಮಾರು 29 ಲಕ್ಷ ಮಂದಿಗೆ ಇದಿದೆ, ಯುರೋಪ್ ಮತ್ತು ಉತ್ತರ ಅಮೆರಿಕದಲ್ಲೇ ಹೆಚ್ಚು ಎಂಬುದೂ ನಿಜ. ಆದರೆ ನಮ್ಮ ರಾಜ್ಯದ ಲೆಕ್ಕವನ್ನು ನಮ್ಮ ರಾಜ್ಯದಲ್ಲೇ ಹಾಕಿದ್ದಾರೆ. ಮಂಗಳೂರಿನ ಕೆ.ಎಸ್. ಹೆಗ್ಡೆ ಮೆಡಿಕಲ್ ಅಕಾಡೆಮಿಯ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಮಂಗಳೂರು ನಗರದಲ್ಲಿ ಸಮೀಕ್ಷೆ ನಡೆಸಿ, ಲಕ್ಷಕ್ಕೆ ಸುಮಾರು 8 ಮಂದಿಗೆ ಎಂಎಸ್ ಇದೆಯೆಂದು 2014ರಲ್ಲಿ ವರದಿ ಮಾಡಿದರು. ಮಂಡ್ಯ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಂತೆ 18 ಲಕ್ಷ. ಮಂಗಳೂರಿನ ಪ್ರಮಾಣವೇ ಇಲ್ಲೂ ಇದೆ ಎಂದು ಇಟ್ಟುಕೊಂಡರೆ ಜಿಲ್ಲೆಯಲ್ಲಿ ನೂರೈವತ್ತರ ಹತ್ತಿರ ಜನ ಇರಬೇಕು. ಇದು ಗುಣಾಕಾರದ ಅಂದಾಜು, ಎಣಿಸಿದ್ದಲ್ಲ. ಆದರೂ ಜಿಲ್ಲೆಯ ಯಾವ ಹೋಬಳಿಯೂ ಇದು ತನ್ನದಲ್ಲ ಎಂದು ಸುಮ್ಮನಿರುವಂತಿಲ್ಲ ಎನ್ನಲು ಅಷ್ಟು ಸಾಕು.

ಮಂಗಳೂರಿನ ಕೆಲಸದಿಂದ ಕಲಿಯಬೇಕಾದ್ದು ಇನ್ನೊಂದಿದೆ. ಎಂಎಸ್‌ನಂತೆಯೇ ಕಾಣುವ ನ್ಯೂರೊಮಯಲೈಟಿಸ್ ಆಪ್ಟಿಕಾ ಎಂಬ ಬೇರೆ ಕಾಯಿಲೆ ನಮ್ಮಲ್ಲಿ ಗಣನೀಯವಾಗಿದೆ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್, ಫಿಂಗೊಲಿಮೋಡ್‌ನಂಥ ಔಷಧಗಳು ಆ ಕಾಯಿಲೆಯನ್ನು ಉಲ್ಬಣಗೊಳಿಸಬಲ್ಲವು. ಹಾಗಾಗಿ ಔಷಧಕ್ಕೆ ಮುಂಚೆ ಅಕ್ವಾಪೊರಿನ್-4 ಮತ್ತು ಎಂಒಜಿ ಪ್ರತಿಕಾಯಗಳ ರಕ್ತಪರೀಕ್ಷೆ ಅಗತ್ಯವೇ ಎಂದು ತಜ್ಞರನ್ನು ಕೇಳಬೇಕು. ವಿಟಮಿನ್ ಬಿ12 ಕೊರತೆಯೂ ಜೋಮು, ತೂರಾಟ ತರುತ್ತದೆ, ಅದು ಸುಲಭವಾಗಿ ಗುಣವಾಗುವಂಥದ್ದು. ಕ್ಷಯ, ಮೆದುಳಿನ ಇತರ ಸೋಂಕುಗಳನ್ನೂ ಹೊರಗಿಡಬೇಕು. ಎಂಆರ್‌ಐ, ಬೇಕಾದರೆ ಬೆನ್ನುಹುರಿಯ ನೀರಿನ ಪರೀಕ್ಷೆ, ನಡೆದುಬಂದ ತೊಂದರೆಗಳ ಚರಿತ್ರೆ ಈ ಮೂರನ್ನೂ ಹೊಂದಿಸಿ ತಜ್ಞರು ತೀರ್ಮಾನಕ್ಕೆ ಬರುತ್ತಾರೆ. ಹಳೆಯ ಚೀಟಿಗಳನ್ನು ಎಸೆಯಬೇಡಿ ಎನ್ನುವುದು ಅದಕ್ಕೇ. ಮೂರು ವರ್ಷ ಹಿಂದಿನ ಕಣ್ಣಿನ ಚೀಟಿಯೇ ಈಗ ನಿರ್ಣಾಯಕ ಸಾಕ್ಷಿಯಾಗಬಹುದು.

ಎರಡು ಬಗೆಯ ಔಷಧ

ಮರುಕಳಿಸಿದಾಗ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ದಿನಕ್ಕೆ ಒಂದು ಗ್ರಾಂನಂತೆ ಮೂರರಿಂದ ಐದು ದಿನ ರಕ್ತನಾಳದ ಮೂಲಕ ಕೊಡುತ್ತಾರೆ. ಕಾಲು ಬೇಗ ಚೇತರಿಸಿಕೊಳ್ಳುತ್ತದೆ. ಡ್ರಿಪ್ ಹಾಕಿಸಿಕೊಂಡೆವು, ಗುಣವಾಯಿತು ಎಂದು ಊರಿಗೆ ಬರುವವರು ಬಹಳ. ಆದರೆ ಸ್ಟೀರಾಯ್ಡ್ ಮಾಡುವುದು ಚೇತರಿಕೆಯನ್ನು ಚುರುಕುಗೊಳಿಸುವುದಷ್ಟೆ, ಮುಂದಿನ ದಾಳಿಯನ್ನು ಅದು ತಡೆಯುವುದಿಲ್ಲ.

ತಡೆಯುವ ಔಷಧಗಳೇ ಬೇರೆ, ಅವನ್ನು ವರ್ಷಗಟ್ಟಲೆ ತೆಗೆದುಕೊಳ್ಳಬೇಕು. 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಬೀಟಾ ಇಂಜೆಕ್ಷನ್‌ಗೆ ಒಪ್ಪಿಗೆ ಸಿಗುವವರೆಗೆ ಇಂಥ ಔಷಧವೇ ಇರಲಿಲ್ಲ. ಆಮೇಲೆ ಗ್ಲಾಟಿರಾಮರ್ ಬಂತು. 2010ರಲ್ಲಿ ಮೊದಲ ಸಲ ಬಾಯಲ್ಲಿ ನುಂಗುವ ಔಷಧ ಫಿಂಗೊಲಿಮೋಡ್, ಅದರ ಹಿಂದೆಯೇ ಟೆರಿಫ್ಲುನೊಮೈಡ್, ಡೈಮೀಥೈಲ್ ಫ್ಯೂಮರೇಟ್ ಬಂದವು. ಈ ಮೂರರ ಜನರಿಕ್ ರೂಪಗಳು ಈಗ ನಮ್ಮ ದೇಶದಲ್ಲೇ ತಯಾರಾಗುತ್ತವೆ. ಬಿ ಎಂಬ ರಕ್ಷಣಾ ಕಣಗಳನ್ನು ತಗ್ಗಿಸುವ ರಿಟುಕ್ಸಿಮ್ಯಾಬನ್ನು ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಡ್ರಿಪ್‌ನಲ್ಲಿ ಕೊಡುತ್ತಾರೆ. ಅದು ಮೂಲತಃ ಕ್ಯಾನ್ಸರ್ ಔಷಧ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲೇ ಅದರ ದೇಶಿ ರೂಪವನ್ನು ತಂದದ್ದರಿಂದ ಬಡ ರೋಗಿಗೂ ಒಂದು ದಾರಿ ತೆರೆಯಿತು. ಸ್ವೀಡನ್‌ನಲ್ಲಿ 200 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎರಡು ವರ್ಷದಲ್ಲಿ ಮರುಕಳಿಕೆ ಕಂಡವರು ರಿಟುಕ್ಸಿಮ್ಯಾಬ್ ಗುಂಪಿನಲ್ಲಿ ಶೇ 3, ಡೈಮೀಥೈಲ್ ಫ್ಯೂಮರೇಟ್ ಗುಂಪಿನಲ್ಲಿ ಶೇ 16. ವಿಶ್ವ ಆರೋಗ್ಯ ಸಂಸ್ಥೆ 2023ರ ಜುಲೈನಲ್ಲಿ ರಿಟುಕ್ಸಿಮ್ಯಾಬ್, ಗ್ಲಾಟಿರಾಮರ್, ಕ್ಲಾಡ್ರಿಬಿನ್ ಮೂರನ್ನೂ ಎಂಎಸ್‌ಗಾಗಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಪ್ರತಿ ಔಷಧಕ್ಕೂ ಅದರದೇ ಕಾವಲು ಬೇಕು. ರಿಟುಕ್ಸಿಮ್ಯಾಬ್‌ಗೆ ಮುಂಚೆ ಹೆಪಟೈಟಿಸ್ ಬಿ ಮತ್ತು ಕ್ಷಯದ ಪರೀಕ್ಷೆ, ಬೇಕಾದ ಲಸಿಕೆಗಳು. ಟೆರಿಫ್ಲುನೊಮೈಡ್‌ಗೆ ಮೊದಲ ಆರು ತಿಂಗಳು ಪ್ರತಿ ತಿಂಗಳೂ ಲಿವರ್ ಪರೀಕ್ಷೆ. ಫಿಂಗೊಲಿಮೋಡ್‌ನ ಮೊದಲ ಮಾತ್ರೆ ನುಂಗಿದ ಮೇಲೆ ಆರು ಗಂಟೆ ಆಸ್ಪತ್ರೆಯಲ್ಲೇ ಇದ್ದು ನಾಡಿ ಬಡಿತ ನೋಡಿಸಬೇಕು. ಅದನ್ನು ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮೊದಲಿಗಿಂತ ಜೋರಾಗಿ ಎರಗಿದ ಪ್ರಸಂಗಗಳಿವೆ. ದುಡ್ಡು ಮುಗಿಯಿತು, ಸ್ಟಾಕ್ ಇಲ್ಲ, ಈಗ ಆರಾಮಿದ್ದೇನೆ ಎಂಬ ಯಾವ ಕಾರಣಕ್ಕೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ತಿಂಗಳ ರಕ್ತಪರೀಕ್ಷೆಗೆಲ್ಲ ಬೆಂಗಳೂರಿಗೆ ಓಡಬೇಕಿಲ್ಲ. ಮಂಡ್ಯದಲ್ಲೇ ಮಾಡಿಸಿ ವರದಿಯನ್ನು ತಜ್ಞರಿಗೆ ತಲುಪಿಸುವ ಏರ್ಪಾಡನ್ನು ಮೊದಲ ಭೇಟಿಯಲ್ಲೇ ಕೇಳಿಕೊಂಡರೆ ಬಸ್ ಚಾರ್ಜೂ ಕೂಲಿಯೂ ಉಳಿಯುತ್ತವೆ.

ತಟ್ಟೆಯಲ್ಲಿ ಏನಿರಬೇಕು

ಆಹಾರದಿಂದ ಎಂಎಸ್ ಪಳಗಿಸುವ ಮಾತು ಹೊಸದಲ್ಲ. ರಾಯ್ ಸ್ವ್ಯಾಂಕ್ ಎಂಬ ನರರೋಗ ತಜ್ಞ ನಾರ್ವೆಯಲ್ಲಿ ಬೆಣ್ಣೆ, ಮಾಂಸ ಉಣ್ಣುವ ಒಳನಾಡಿನ ರೈತರಲ್ಲಿ ಈ ಕಾಯಿಲೆ ಹೆಚ್ಚು, ಮೀನು ತಿನ್ನುವ ಕರಾವಳಿಯವರಲ್ಲಿ ಕಡಿಮೆ ಎಂದು ಗಮನಿಸಿದರು. ಕೊಬ್ಬು ಕಡಿಮೆ ಮಾಡಿದ ರೋಗಿಗಳನ್ನು 34 ವರ್ಷ ಹಿಂಬಾಲಿಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಥ್ಯ ಹಿಡಿದವರು ಚೆನ್ನಾಗಿದ್ದರು. ಆದರೆ ಹೋಲಿಸಿ ನೋಡಲು ಪಥ್ಯವಿಲ್ಲದ ಇನ್ನೊಂದು ಗುಂಪನ್ನು ಅವರು ಇಟ್ಟಿರಲಿಲ್ಲ. ಚೆನ್ನಾಗಿದ್ದವರಷ್ಟೇ ಪಥ್ಯದಲ್ಲಿ ಉಳಿದರೋ, ಪಥ್ಯದಿಂದಲೇ ಚೆನ್ನಾದರೋ ಹೇಳಲಾಗದು. ಸ್ವತಃ ಎಂಎಸ್ ಇರುವ ಅಯೋವಾದ ವೈದ್ಯೆ ಟೆರಿ ವಾಲ್ಸ್ ಧಾನ್ಯ ಬಿಟ್ಟು ಸೊಪ್ಪು, ತರಕಾರಿ, ಮಾಂಸದ ಊಟ ರೂಪಿಸಿದರು. ಒಂದಕ್ಕೊಂದು ವಿರುದ್ಧವೆನಿಸುವ ಈ ಎರಡು ಪಥ್ಯಗಳನ್ನು ಎದುರುಬದುರು ಇಟ್ಟು ನೋಡಿದ 2021ರ ಪ್ರಯೋಗದಲ್ಲಿ ಎರಡು ಗುಂಪಿನವರಿಗೂ ಆಯಾಸ ಕಡಿಮೆಯಾಯಿತು. ಎರಡರಲ್ಲೂ ಇದ್ದದ್ದು ಹೆಚ್ಚು ತರಕಾರಿ, ಇಲ್ಲದ್ದು ಪ್ಯಾಕೆಟ್ ತಿಂಡಿ. ಹೊಸ ಕಲೆಗಳು ಮೂಡುವುದನ್ನು ಔಷಧದಷ್ಟು ತಡೆಯುತ್ತದೆಂದು ಯಾವ ಪಥ್ಯವೂ ಇದುವರೆಗೆ ಸಾಬೀತುಪಡಿಸಿಲ್ಲ.

ಹಾಗಾದರೆ ದುದ್ದದ ಮನೆಯಲ್ಲಿ ಏನು ಉಣ್ಣಬೇಕು? ಹೊಸದೇನನ್ನೂ ಕೊಂಡುತರಬೇಕಿಲ್ಲ. ಉಪ್ಸಾರನ್ನೇ ನೋಡಿ. ಹುರುಳಿಕಾಳನ್ನೋ ಹಸಿ ಅವರೆಕಾಳನ್ನೋ ಬೇಯಲಿಟ್ಟು, ಮುಕ್ಕಾಲು ಬೆಂದಾಗ ದಂಟಿನ ಸೊಪ್ಪೋ ಕೀರೆಸೊಪ್ಪೋ ಹಾಕಿ, ಬೆಂದ ಮೇಲೆ ಕಟ್ಟು ಬಸಿದು, ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಕಾಳುಮೆಣಸು, ಹುಣಸೆಹಣ್ಣು ಅರೆದ ಖಾರ ಕಲಸಿಕೊಂಡು ಮುದ್ದೆ ಜತೆ ಉಣ್ಣುವುದು. ಎಣ್ಣೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕಾಳಿನ ಪ್ರೋಟೀನ್, ಸೊಪ್ಪಿನ ಜೀವಸತ್ವ, ನಾರು ಎಲ್ಲವೂ ಅಲ್ಲೇ ಇವೆ. ಖಾರಕ್ಕೆ ಹಾಕುವ ಉಪ್ಪನ್ನು ಮಾತ್ರ ತಗ್ಗಿಸಬೇಕು, ಸ್ಟೀರಾಯ್ಡ್ ನಡೆಯುತ್ತಿರುವಾಗಲಂತೂ ಕಡ್ಡಾಯವಾಗಿ.

ಮುದ್ದೆಯ ಲೆಕ್ಕವೂ ನಮ್ಮ ಕಡೆಗೇ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 350 ಮಿಲಿಗ್ರಾಂ ಆಸುಪಾಸಿನ ಕ್ಯಾಲ್ಸಿಯಂ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಎಂಎಸ್‌ನಲ್ಲಿ ಕರುಳಿನ ನರ ಮಂದವಾಗಿ ಮಲಬದ್ಧತೆ ಕಾಡುತ್ತದೆ, ಅದಕ್ಕೆ ನಾರು ಬೇಕು. ಪದೇಪದೇ ಸ್ಟೀರಾಯ್ಡ್ ತೆಗೆದುಕೊಂಡವರ ಮೂಳೆ ಸವೆಯುತ್ತದೆ, ಅದಕ್ಕೆ ಕ್ಯಾಲ್ಸಿಯಂ ಬೇಕು. ಕರುಳಿನ ಸೂಕ್ಷ್ಮಜೀವಿಗಳು ನಾರನ್ನು ಒಡೆದು ಉಂಟುಮಾಡುವ ಆಮ್ಲಗಳಿಗೆ ರಕ್ಷಣಾ ಕಣಗಳ ಉದ್ರೇಕ ತಗ್ಗಿಸುವ ಗುಣವಿದೆ ಎಂಬ ಸಂಶೋಧನೆಯೂ ನಡೆದಿದೆ. ಇಂಡಾಫ್ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರು ದುಡಿದದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ಅವರ ನೆಲದಲ್ಲಿ ನಿಂತು ವಿದೇಶಿ ಪಥ್ಯದ ಡಬ್ಬಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ಕಡಿಮೆ ಮಾಡಬೇಕಾದ್ದು ಕರಿದ ತಿಂಡಿ, ಬೇಕರಿ ಪದಾರ್ಥ, ಮೂರು ಹೊತ್ತೂ ಸಕ್ಕರೆ ಬೆರೆತ ಕಾಫಿ, ಟೀ. ಕೊಬ್ಬಿಗೆ ಹೆಸರಾದ ಬಂಡೂರು ಕುರಿಯ ಮಾಂಸ ಹಬ್ಬಕ್ಕಿರಲಿ, ವಾರದ ಊಟಕ್ಕೆ ಕೆರೆಮೀನು ಒಳ್ಳೆಯದು. ಬೆಲ್ಲದ ನಾಡಾದರೂ ಸ್ಟೀರಾಯ್ಡ್ ದಿನಗಳಲ್ಲಿ ಬೆಲ್ಲಕ್ಕೂ ಕಡಿವಾಣ ಬೇಕು, ಸಕ್ಕರೆ ಅಂಶ ಆಗ ಸರ್ರನೆ ಏರುತ್ತದೆ. ಬೀಡಿ, ಸಿಗರೇಟು ಪೂರ್ತಿ ಬಿಡಬೇಕು. ಅಂಗವೈಕಲ್ಯವನ್ನು ಬೇಗ ತರುವ ಚಟ ಅದು.

ಮಾತ್ರೆಗೂ ಊಟಕ್ಕೂ ನೇರ ನಂಟಿರುವ ಜಾಗವೂ ಇದೆ. ಡೈಮೀಥೈಲ್ ಫ್ಯೂಮರೇಟ್ ಕ್ಯಾಪ್ಸೂಲನ್ನು ಬರಿಹೊಟ್ಟೆಯಲ್ಲಿ ನುಂಗಿದರೆ ಅರ್ಧ ಗಂಟೆಯೊಳಗೆ ಮುಖ, ಕತ್ತು ಕೆಂಪಗೆ ಬಿಸಿಯೇರಿ ತುರಿಸಬಹುದು, ಹೊಟ್ಟೆ ನುಲಿಯಬಹುದು. ಅಲರ್ಜಿ ಎಂದು ಹೆದರಿ ಮೊದಲ ವಾರದಲ್ಲೇ ಬಿಡುವವರಿದ್ದಾರೆ. ಹೊಟ್ಟೆ ತುಂಬ ಉಂಡು, ಜತೆಗೆ ಕಡಲೆಕಾಯಿ ಚಟ್ನಿಯಂಥ ಕೊಬ್ಬು, ಪ್ರೋಟೀನ್ ಎರಡೂ ಇರುವುದನ್ನು ಸೇರಿಸಿಕೊಂಡು ನುಂಗಿದರೆ ಈ ಉಪದ್ರವ ಬಹಳವಾಗಿ ತಗ್ಗುತ್ತದೆ. ಹೆಚ್ಚಿನವರಿಗೆ ಒಂದೆರಡು ತಿಂಗಳಲ್ಲಿ ತಾನಾಗಿಯೇ ಇಳಿಯುತ್ತದೆ.

ವಿಟಮಿನ್ ಡಿ ವಿಚಾರದಲ್ಲಿ ಸಾಕ್ಷ್ಯ ಎರಡೂ ಕಡೆ ಇದೆ. ಔಷಧ ತೆಗೆದುಕೊಳ್ಳುತ್ತಿರುವವರಿಗೆ ಹೆಚ್ಚಿನ ಡೋಸ್ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ವಿಶೇಷ ಲಾಭ ಕಾಣಲಿಲ್ಲ. ಫ್ರಾನ್ಸಿನಲ್ಲಿ ಕಾಯಿಲೆಯ ಮೊದಲ ಹಂತದ 316 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಬೇರೆ ಔಷಧ ಶುರುವಾಗುವ ಮೊದಲೇ ಕೊಟ್ಟಾಗ ಕಾಯಿಲೆಯ ಚಟುವಟಿಕೆ ತಗ್ಗಿತೆಂದು 2025ರಲ್ಲಿ ವರದಿಯಾಯಿತು. ರಕ್ತದಲ್ಲಿ ಕೊರತೆಯಿದ್ದರೆ ತುಂಬಿಕೊಳ್ಳುವುದು ಸರಿ. ಅಂಗಡಿಯಲ್ಲಿ ಕೇಳಿ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಚುಚ್ಚಿಸಿಕೊಂಡರೆ ಕ್ಯಾಲ್ಸಿಯಂ ಮಿತಿಮೀರಿ ಕಿಡ್ನಿಗೆ ಪೆಟ್ಟಾಗುತ್ತದೆ.

ಅಮೃತಬಳ್ಳಿಯ ವಿಷಯ

ಕೊರೊನಾ ಕಾಲದಿಂದ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಬಂತು. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂಬುದೇ ಅದರ ಹೆಗ್ಗಳಿಕೆ. ಎಂಎಸ್‌ನಲ್ಲಿ ಕೆರಳಿರುವುದೇ ಆ ಶಕ್ತಿ. ಅದನ್ನು ತಣಿಸಲು ಒಂದು ಕೈಯಲ್ಲಿ ಔಷಧ, ಕೆರಳಿಸಲು ಇನ್ನೊಂದು ಕೈಯಲ್ಲಿ ಕಷಾಯ ಆಗಬಾರದು. ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್‌ಗೆ ಹಾನಿಯಾದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಲಿವರ್ ಮೇಲೆ ಕಣ್ಣಿಡಬೇಕಾದ ಟೆರಿಫ್ಲುನೊಮೈಡ್‌ನಂಥ ಮಾತ್ರೆ ನುಂಗುವವರಿಗೆ ಅಪಾಯ ಇಮ್ಮಡಿ. ನಾಟಿ ಔಷಧ ಏನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಂದ ಮುಚ್ಚಿಡಬೇಡಿ. ವೈದ್ಯರೂ ಗದರದೆ ಕೇಳಬೇಕು, ಗದರಿದರೆ ಯಾರೂ ನಿಜ ಹೇಳುವುದಿಲ್ಲ.

ಬಿಸಿ, ನೀರು, ನುಂಗುವುದು

ದೇಹಶ್ರಮದ ನಂತರ ರೋಗಿಯ ದೃಷ್ಟಿ ಮಂಜಾಗುವುದನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲಿ ಗುರುತಿಸಿದರು. ಮೈ ಬಿಸಿಯಾದರೆ ಹಳೆಯ ಲಕ್ಷಣಗಳು ಮತ್ತೆ ತಲೆಯೆತ್ತುತ್ತವೆ. ಆಲೆಮನೆಯ ಒಲೆ ಮುಂದೆ ನಿಂತಾಗ, ಮಧ್ಯಾಹ್ನದ ಬಿಸಿಲಿನಲ್ಲಿ ಕಬ್ಬಿನ ಸೋಗೆ ಬಿಡಿಸುವಾಗ ಕಣ್ಣು ಮಂಜಾಗಿ ಕಾಲು ಸೋಲುವುದು ಅದರಿಂದಲೇ. ಸೋಮಾರಿತನವಲ್ಲ ಅದು. ಹೊಸ ಹಾನಿಯೂ ಅಲ್ಲ, ಮೈ ತಣಿದರೆ ಸರಿಹೋಗುತ್ತದೆ. ಕೆಲಸವನ್ನು ಬೆಳಗಿನ ತಂಪಿಗೆ ಸರಿಸಿ, ಒದ್ದೆ ಟವೆಲ್ ಕತ್ತಿಗೆ ಸುತ್ತಿಕೊಳ್ಳಿ.

ಬಾಣಂತನದಲ್ಲಿ ಬಿಸಿಯ ಬಗೆಗಿನ ಈ ಎಚ್ಚರ ಇನ್ನೂ ಮುಖ್ಯ. ಗರ್ಭಿಣಿಯಾಗಿದ್ದಾಗ ಕಾಯಿಲೆ ತಗ್ಗುತ್ತದೆ, ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಮರುಕಳಿಸುವ ಸಾಧ್ಯತೆ ಹೆಚ್ಚು. ಅದೇ ಹೊತ್ತಿನಲ್ಲಿ ನಮ್ಮಲ್ಲಿ ಹಂಡೆಗಟ್ಟಲೆ ಸುಡುನೀರು ಹೊಯ್ದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹೊಗೆ ಹಾಕಿ ಬೆವರಿಸುತ್ತಾರೆ. ಎಂಆರ್‌ಐ ಇಲ್ಲದ ಕಾಲದಲ್ಲಿ ವೈದ್ಯರು ರೋಗಿಯನ್ನು ಬಿಸಿನೀರಿನಲ್ಲಿ ಕೂರಿಸಿ ಲಕ್ಷಣ ಹೆಚ್ಚಿದರೆ ಎಂಎಸ್ ಎಂದು ಅನುಮಾನಿಸುತ್ತಿದ್ದರು. ಬಾಣಂತಿಗೆ ಉಗುರುಬೆಚ್ಚಗಿನ ನೀರೇ ಸಾಕು, ಅತ್ತೆಯೂ ತಾಯಿಯೂ ಇದನ್ನು ತಿಳಿದಿರಬೇಕು. ಟೆರಿಫ್ಲುನೊಮೈಡ್ ತೆಗೆದುಕೊಳ್ಳುವವರು ಬಸಿರಾಗುವ ಯೋಚನೆಗೆ ಮೊದಲೇ ವೈದ್ಯರಿಗೆ ಹೇಳಬೇಕು. ಅದನ್ನು ಮೈಯಿಂದ ತೊಳೆದು ತೆಗೆಯುವ ಚಿಕಿತ್ಸೆ ಇದೆ.

ಮೂತ್ರ ತಡೆಯಲಾಗದೆಂದು ನೀರನ್ನೇ ಕುಡಿಯದಿರುವುದು ಹೆಂಗಸರಲ್ಲಿ ಸಾಮಾನ್ಯ, ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವ ದಿನವಂತೂ ಹನಿ ನೀರೂ ಇಳಿಯುವುದಿಲ್ಲ. ಅದರಿಂದ ಮೂತ್ರದ ಸೋಂಕು, ಸೋಂಕಿನಿಂದ ಜ್ವರ, ಜ್ವರದಿಂದ ಕಾಲು ಸೋಲು. ಎಲ್ಲರೂ ಮರುಕಳಿಸಿತು ಎಂದುಕೊಳ್ಳುತ್ತಾರೆ. ಬೇಕಾದ್ದು ಸ್ಟೀರಾಯ್ಡ್ ಅಲ್ಲ, ಸೋಂಕಿನ ಚಿಕಿತ್ಸೆ. ಮೂತ್ರದ ಅವಸರಕ್ಕೆ ಮಾತ್ರೆಗಳಿವೆ, ನಾಚಿಕೆ ಬಿಟ್ಟು ಕೇಳಬೇಕು.

ಕಾಯಿಲೆ ಮುಂದುವರಿದವರಲ್ಲಿ ನುಂಗುವ ಸ್ನಾಯುಗಳೂ ಸೋಲಬಹುದು. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ, ಅಂಥವರಿಗೆ ಅದು ಗಂಟಲಲ್ಲಿ ಸಿಕ್ಕಬಹುದು. ಹಾಗೆಂದು ನೀರಾದ ಮಜ್ಜಿಗೆ ಸುರಕ್ಷಿತ ಎಂದಲ್ಲ. ತೆಳುವಾದದ್ದೇ ಶ್ವಾಸನಾಳಕ್ಕೆ ಬೇಗ ಜಾರುತ್ತದೆ. ಗಟ್ಟಿ ಅಂಬಲಿಯಂಥ ಹದ ಅನೇಕರಿಗೆ ಹೊಂದುತ್ತದೆ, ಆದರೆ ಯಾರಿಗೆ ಯಾವ ಹದ ಎಂಬುದನ್ನು ಪರೀಕ್ಷಿಸಿಯೇ ಹೇಳಬೇಕು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ತಪಾಸಣೆಗೆ ಪರಿಣತರಿದ್ದಾರೆ.

ಕೇಳಿ ಪಡೆಯಬೇಕಾದ್ದು

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಗುರುತಿಸಿರುವ 21 ವೈಕಲ್ಯಗಳಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಕೂಡ ಒಂದು. ಹೊರಗೆ ಕಾಣದ ವೈಕಲ್ಯಕ್ಕೂ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಮೀಸಲಾತಿಯಂಥ ಸೌಲಭ್ಯಗಳಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯವೆಂದು ಪ್ರಮಾಣಪತ್ರ ಬೇಕು. 1985ರಲ್ಲಿ ಹುಟ್ಟಿದ ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಶಾಖೆ ಬೆಂಗಳೂರಿನಲ್ಲಿದೆ. ಇದೇ ಕಾಯಿಲೆಯ ಇತರರನ್ನು ಭೇಟಿಯಾದ ಮೇಲೆ ಎಷ್ಟೋ ಮಂದಿಯ ಹೆದರಿಕೆ ಅರ್ಧ ಇಳಿಯುತ್ತದೆ. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಆರಂಭಿಸಿದ ಮೆದುಳು ಆರೋಗ್ಯ ಯೋಜನೆಯಡಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಿಗೆ ನರರೋಗ ಸೇವೆ ತರುವ ಪ್ರಯತ್ನ ನಡೆದಿದೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಂಥ ಕಡೆ ರಿಟುಕ್ಸಿಮ್ಯಾಬ್ ಡ್ರಿಪ್ ಮತ್ತು ಜನರಿಕ್ ಮಾತ್ರೆಗಳು ತಪ್ಪದೆ ಸಿಗುವಂತಾದರೆ, ದುದ್ದದ ರೋಗಿ ವರ್ಷಕ್ಕೆರಡು ದಿನದ ಕೂಲಿ ಕಳೆದುಕೊಂಡು ಉಳಿದ ದಿನಗಳನ್ನು ಉಳಿಸಿಕೊಳ್ಳಬಹುದು. ಔಷಧ ದೇಶದಲ್ಲೇ ತಯಾರಾಗುತ್ತದೆ, ಅಗತ್ಯವೆಂದು ಜಗತ್ತು ಒಪ್ಪಿದೆ. ಉಳಿದಿರುವುದು ಅದನ್ನು ಜಿಲ್ಲಾ ಆಸ್ಪತ್ರೆಯ ಕಪಾಟಿಗೆ ತರುವ ಕೆಲಸ. ನಮ್ಮ ಜನಪ್ರತಿನಿಧಿಗಳನ್ನು ನಾವು ಕೇಳಬೇಕಾದ್ದು ಇದನ್ನೇ.

ಮನೆಯವರಿಗೆ ಕೊನೆಯದಾಗಿ ಒಂದು ಮಾತು. ಮಗಳು ಚೆನ್ನಾಗಿ ಓಡಾಡುತ್ತಿರುವಾಗ ಇನ್ನೂ ಯಾಕೆ ಮಾತ್ರೆ ಎಂದು ಕೇಳಬೇಡಿ. ಚೆನ್ನಾಗಿ ಓಡಾಡುತ್ತಿರುವುದರಲ್ಲಿ ಆ ಮಾತ್ರೆಯ ಪಾಲಿದೆ. ಊಟ ಬಡಿಸುವಾಗ ಮಾತ್ರೆಯ ಡಬ್ಬಿಯನ್ನೂ ತಟ್ಟೆಯ ಪಕ್ಕ ಇಡಿ, ಮುಂದಿನ ತಿಂಗಳ ಮಾತ್ರೆಯನ್ನು ಈ ತಿಂಗಳದ್ದು ಮುಗಿಯುವ ಹತ್ತು ದಿನ ಮೊದಲೇ ತರಿಸಿಡಿ.